ಗ್ಯಾಸ್ ಟರ್ಬೈನ್ ಚಾಲೂ ಮಾಡುವಾಗ ಕಣ್ಣು ಎಲ್ಲಿರಬೇಕು?

ಹಡಗಿನ ಕಂಟ್ರೋಲ್ ಪ್ಯಾನೆಲ್ ಮುಂದೆ ಕೂತ ಹೊಸಬರಿಗೆ ದೀಪಗಳ ಮೇಲೇ ನಂಬಿಕೆ. ಕೆಂಪು ಹತ್ತದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಕೆಂಪು ಹತ್ತುವ ಹೊತ್ತಿಗೆ ಬ್ಲೇಡುಗಳು ಬೆಂದಿರಬಹುದು. ಮೊದಲೇ ಸುಳಿವು ಕೊಡುವುದು ಮೀಟರುಗಳು, ಅದರಲ್ಲೂ ಮೂರು ಮೀಟರುಗಳು ಒಟ್ಟಿಗೆ.

ಉದಾಹರಣೆಗೆ ಎಲ್‌ಎಂ2500 ಟರ್ಬೈನ್ ತೆಗೆದುಕೊಳ್ಳೋಣ. ಐಎನ್‌ಎಸ್ ವಿಕ್ರಾಂತ್‌ನಲ್ಲಿ ಇಂಥವು ನಾಲ್ಕಿವೆ. ಬೆಂಗಳೂರಿನ ಎಚ್‌ಎಎಲ್‌ನಲ್ಲೂ ಇದರ ಕೆಲಸ ನಡೆಯುತ್ತದೆ. ಇಲ್ಲಿನ ಅಂಕಿಗಳು ಅಮೆರಿಕದ ನೌಕಾಪಡೆಯ ರೂಢಿಯವು. ನಿಮ್ಮ ಹಡಗಿನ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

1. ಎಲ್ಲ ದೀಪಗಳನ್ನೂ ಒಮ್ಮೆಗೇ ಹೊತ್ತಿಸುವ ಲ್ಯಾಂಪ್ ಟೆಸ್ಟ್ ಗುಂಡಿ ಒತ್ತಿ. ಹತ್ತದ ಬಲ್ಬನ್ನು ಆಗಲೇ ಬದಲಿಸಿ. ಹಳೆಯ ಪ್ಯಾನೆಲ್‌ಗೆ ಸಿಕ್ಕಿದ ಎಲ್‌ಇಡಿ ತುರುಕಬೇಡಿ. ಆಫ್ ಆಗಿದ್ದಾಗಲೂ ಕೆಲವು ಮಿಣುಕುತ್ತವೆ, ನೋಡುವವರು ಮೋಸಹೋಗುತ್ತಾರೆ.

2. ಇಂಧನದ ಕಡೆ ಸರ್ವಿಸ್ ಟ್ಯಾಂಕ್ ಮಟ್ಟ, ಬೂಸ್ಟರ್ ಪಂಪಿನ ಒತ್ತಡ, ಇಂಧನದಿಂದ ಕಸ-ನೀರು ಬೇರ್ಪಡಿಸುವ ಫಿಲ್ಟರ್ ಸೆಪರೇಟರಿನ ಒಳ-ಹೊರ ಒತ್ತಡದ ವ್ಯತ್ಯಾಸ ನೋಡಿ. ವ್ಯತ್ಯಾಸ ನಿಧಾನವಾಗಿ ಏರಿದರೆ ಒಳಗಿನ ಸೋಸುವ ಭಾಗ, ಅಂದರೆ ಎಲಿಮೆಂಟ್, ಕಟ್ಟಿಕೊಳ್ಳುತ್ತಿದೆ, ಬದಲಿಸಿದರಾಯಿತು. ಹರಿವು ಅಷ್ಟೇ ಇದ್ದು ಮುಳ್ಳು ದಿಢೀರನೆ ಕೆಳಗಿಳಿದರೆ ಖುಷಿಪಡಬೇಡಿ: ಎಲಿಮೆಂಟ್ ಹರಿದಿರಬಹುದು. ಆಗ ಇಂಧನದಲ್ಲಿ ಬೆರೆತ ಸಮುದ್ರದ ನೀರು ಡೀಸೆಲ್ ಜೊತೆ ಒಳಹೋಗುತ್ತದೆ. ಉಪ್ಪಿನ ಸೋಡಿಯಂ ಇಂಧನದ ಗಂಧಕದ ಜೊತೆ ಸೇರಿ ಬಿಸಿ ಭಾಗದ ಬ್ಲೇಡುಗಳನ್ನು ತಿನ್ನುತ್ತದೆ. ಅಳತೆ ಹೊಂದುತ್ತದೆಂದು ಅಗ್ಗದ ಎಲಿಮೆಂಟ್ ತರುವವರಿದ್ದಾರೆ. ಅದರ ಸೀಲ್ ಸರಿಯಾಗಿ ಕೂರದಿದ್ದರೆ ನೀರು ಪಕ್ಕದಿಂದಲೇ ದಾಟುತ್ತದೆ, ಮೀಟರಿಗೆ ಗೊತ್ತೂ ಆಗುವುದಿಲ್ಲ.

3. ಈಗ ಸ್ಟಾರ್ಟ್. ಹೆಚ್ಚಿನವರು ಎಡವುವುದು ಇಲ್ಲೇ. ನೋಡಬೇಕಾದ್ದು ಮೂರು: ಬಿಸಿ ಅನಿಲ ಹುಟ್ಟಿಸುವ ಭಾಗವಾದ ಗ್ಯಾಸ್ ಜನರೇಟರಿನ ವೇಗ, ಇಂಧನವನ್ನು ನಾಜಲ್‌ಗಳಿಗೆ ಹಂಚುವ ಕೊಳವೆಯಾದ ಫ್ಯುಯೆಲ್ ಮ್ಯಾನಿಫೋಲ್ಡಿನ ಒತ್ತಡ ಮತ್ತು ಟಿ5.4, ಅಂದರೆ ಆ ಅನಿಲದಿಂದ ತಿರುಗಿ ಹಡಗಿಗೆ ಬಲ ಕೊಡುವ ಪವರ್ ಟರ್ಬೈನಿಗೆ ನುಗ್ಗುವ ಅನಿಲದ ಉಷ್ಣತೆ. ಸ್ಟಾರ್ಟರನ್ನು ತಿರುಗಿಸುವ ಗಾಳಿ ಬಿಟ್ಟೊಡನೆ ವೇಗ ಏರತೊಡಗುತ್ತದೆ. 1200 ಆರ್‌ಪಿಎಂ ದಾಟಿದಾಗ ಇಗ್ನಿಷನ್ ಆನ್ ಆಗಿ ಇಂಧನ ತೆರೆಯುತ್ತದೆ. ಇಂಧನ ಕವಾಟದ ದೀಪ ಹತ್ತಿತೆಂದು ನಿರಾಳರಾಗಬೇಡಿ. ಅದು ಆದೇಶ ಹೋಗಿದ್ದನ್ನು ತೋರಿಸುವುದೋ, ಕವಾಟ ನಿಜಕ್ಕೂ ತೆರೆದದ್ದನ್ನೋ ಎಂಬುದನ್ನು ಮೊದಲೇ ತಿಳಿದಿರಬೇಕು. ಇಂಧನ ಹೋಗಿದ್ದಕ್ಕೆ ನಂಬುವ ಸಾಕ್ಷಿ ಮ್ಯಾನಿಫೋಲ್ಡ್ ಒತ್ತಡ. ಬೆಂಕಿ ಹೊತ್ತಿದ್ದಕ್ಕೆ ಟಿ5.4 ಸಾಕ್ಷಿ: ಇಂಧನ ತೆರೆದ 40 ಸೆಕೆಂಡಿನೊಳಗೆ 400 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು.

ಒತ್ತಡ ಇದೆ, ಉಷ್ಣತೆ ಏರುತ್ತಿಲ್ಲ ಎಂದರೆ ಕಿಡಿ ಹಾರಿಸುವ ಇಗ್ನೈಟರ್ ಕಡೆ ಹುಡುಕಿ. ಒತ್ತಡವೇ ಇಲ್ಲದಿದ್ದರೆ ಇಂಧನ ಕಡಿಯುವ ಶಟ್‌ಡೌನ್ ಕವಾಟ ಅಥವಾ ಪಂಪಿನ ಕಡೆ ಹುಡುಕಿ. ಉಷ್ಣತೆ ಸರ್ರನೆ ಏರುತ್ತಿದ್ದು ವೇಗ ತೆವಳುತ್ತಿದ್ದರೆ ಅದು ಹಾಟ್ ಸ್ಟಾರ್ಟ್. ಸ್ಟಾರ್ಟರ್ ಗಾಳಿಯ ಒತ್ತಡ ಸಾಲದೆ ಹೀಗಾಗುವುದುಂಟು. 1500 ಡಿಗ್ರಿ ಫ್ಯಾರನ್‌ಹೀಟ್ ತನಕ ಕಾಯದೆ ಇಂಧನ ಕಡಿಯಿರಿ. ಟರ್ಬೈನ್ ತಾನಾಗಿ ಟ್ರಿಪ್ ಆಗಿ ನಿಲ್ಲಲಿ ಎಂದು ಕೈಕಟ್ಟಿ ಕೂರುವುದು ಸೋಮಾರಿತನ. ವೇಗ ಮಧ್ಯದಲ್ಲೇ ನಿಂತು ಉಷ್ಣತೆ ಮೆಲ್ಲಗೆ ಏರುತ್ತಿದ್ದರೂ ಅದೇ ಮದ್ದು. ಎಲ್ಲ ಸರಿಯಿದ್ದರೆ ಸುಮಾರು 4500 ಆರ್‌ಪಿಎಂನಲ್ಲಿ ಸ್ಟಾರ್ಟರ್ ಕಳಚಿಕೊಂಡು, ಟರ್ಬೈನ್ 5000ದ ಆಸುಪಾಸಿನಲ್ಲಿ ಐಡಲ್‌ಗೆ, ಅಂದರೆ ಕನಿಷ್ಠ ಸ್ಥಿರ ವೇಗಕ್ಕೆ, ನಿಲ್ಲುತ್ತದೆ.

ಸ್ಟಾರ್ಟ್ ವಿಫಲವಾದರೆ ಮತ್ತೆ ಗುಂಡಿ ಒತ್ತುವ ಚಪಲ ಬೇಡ. ಇಂಧನ, ಇಗ್ನಿಷನ್ ಎರಡೂ ಬಂದ್ ಇಟ್ಟು, ಸ್ಟಾರ್ಟರಿನಿಂದ 60 ಸೆಕೆಂಡ್ ಬರಿದೇ ತಿರುಗಿಸಿ. ಒಳಗೆ ನಿಂತ ಡೀಸೆಲ್ ಹೋಗದಿದ್ದರೆ ಮುಂದಿನ ಸ್ಟಾರ್ಟಿನಲ್ಲಿ ಒಟ್ಟಿಗೆ ಹೊತ್ತುತ್ತದೆ.

4. ಓಡುವಾಗ ಗಂಟೆಗೊಮ್ಮೆ ಎಲ್ಲ ಅಂಕಿಗಳನ್ನು ಬರೆದಿಡಿ. ಲ್ಯೂಬ್ ಆಯಿಲ್ ಒತ್ತಡ 15 ಪಿಎಸ್‌ಐಗೆ ಇಳಿದರೆ ಅಲಾರಂ, 6ಕ್ಕೆ ಇಳಿದರೆ ಟ್ರಿಪ್.

ಅಲಾರಂ ಬಂದಾಗ ಸದ್ದು ನಿಲ್ಲಿಸಿ, ಆದರೆ ಅಲಾರಂ ನೋಡಿದ್ದೇನೆಂದು ಒಪ್ಪುವ ಅಕ್ನಾಲೆಜ್ ಗುಂಡಿ ಒತ್ತುವ ಮುಂಚೆ ಮೊದಲು ಹತ್ತಿದ ದೀಪ ಯಾವುದೆಂದು ಬರೆದುಕೊಳ್ಳಿ. ಬೇರೆ ಕಾರಣಕ್ಕೆ ಟರ್ಬೈನ್ ನಿಂತರೂ ಆಮೇಲೆ ಆಯಿಲ್ ಒತ್ತಡವೂ ಇಳಿದೇ ಇಳಿಯುತ್ತದೆ. ಆ ದೀಪ ನೋಡಿ ಆಯಿಲ್ ಪಂಪ್ ಬಿಚ್ಚಲು ಹೊರಟರೆ ಅರ್ಧ ದಿನ ವ್ಯರ್ಥ.