ದಿನಕ್ಕೊಂದು ಸೆಕ್ಷನ್

ಆಡಿಟರ್ ಕಚೇರಿಯಲ್ಲಿ ಲೆಕ್ಕ ಬರೆಯುವವರಿಗೆ ಓದಲು ಪುರುಸೊತ್ತಿಲ್ಲ ಎಂಬುದು ಹಾಸನದಲ್ಲಿ ನಮ್ಮ ಕಸುಬಿನವರೆಲ್ಲ ಒಪ್ಪಿಕೊಂಡ ಮಾತು. ತಿಂಗಳ ಏಳನೇ ತಾರೀಖಿಗೆ ಟಿಡಿಎಸ್, ಅಂದರೆ ಪಾವತಿ ಮಾಡುವಾಗಲೇ ಹಿಡಿದ ಆದಾಯ ತೆರಿಗೆ ಕಟ್ಟಬೇಕು, ಹನ್ನೊಂದಕ್ಕೆ ಜಿಎಸ್‌ಟಿಯ ಒಂದು ರಿಟರ್ನ್, ಇಪ್ಪತ್ತಕ್ಕೆ ಇನ್ನೊಂದು. ಜುಲೈ ಬಂತೆಂದರೆ ಮಧ್ಯಾಹ್ನದ ಬುತ್ತಿ ಸಂಜೆ ಬಿಚ್ಚುತ್ತೇವೆ. “ಪೋರ್ಟಲಿನಲ್ಲಿ ಎಲ್ಲಿ ಒತ್ತಬೇಕೆಂದು ಗೊತ್ತಿದ್ದರೆ ಸಾಕು, ಕಾಯ್ದೆ ಓದಿ ಲಾಯರ್ ಆಗುತ್ತೀರಾ?” ಎಂದು ಪಕ್ಕದ ಮೇಜಿನವರು ನನ್ನನ್ನು ಕೇಳುತ್ತಿದ್ದರು. ಅವರು ಇನ್ನೂ ಅದೇ ಮೇಜಿನಲ್ಲಿದ್ದಾರೆ. ನಾನು ಒಳಕೋಣೆಗೆ ಹೋಗಿ ಒಂದು ವರ್ಷದ ಮೇಲಾಯಿತು. 14 ಸಾವಿರದಲ್ಲಿ ನಿಂತಿದ್ದ ಸಂಬಳ ಈಗ 35ರ ಆಸುಪಾಸಿನಲ್ಲಿದೆ. ತೆರಿಗೆ ಕಾಯ್ದೆಯನ್ನು ದಿನಕ್ಕೊಂದು ಸೆಕ್ಷನ್ನಿನಂತೆ ಓದಿದ್ದೇ ಕಾರಣ. ಹೇಗೆ ಎಂದು ಕೇಳುವವರು ಹೆಚ್ಚಾಗಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಯಶಸ್ಸಿನ ಗುಟ್ಟು ಹೇಳುವ ಪುಸ್ತಕಗಳಿಗೆ ಎರಡೂವರೆ ಸಾವಿರದಷ್ಟು ಸುರಿದೆ. ಓದುವಾಗ ಎದೆ ಉಬ್ಬುತ್ತಿತ್ತು. ಮರುದಿನ ಮೇಜಿನ ಮೇಲೆ ಅದೇ ಖರೀದಿ ಬಿಲ್ಲುಗಳ ಕಟ್ಟು. ಇಂಗ್ಲಿಷ್ ಸುಧಾರಿಸಲೆಂದು ಒಂದು ವರ್ಷ ಇಂಗ್ಲಿಷ್ ಪತ್ರಿಕೆ ಹಾಕಿಸಿಕೊಂಡೆ. ನಾನು ಬಿ.ಕಾಂ. ಮುಗಿಸಿದ್ದು ಕನ್ನಡ ಮಾಧ್ಯಮದಲ್ಲಿ. ಪತ್ರಿಕೆಯ ಮಡಿಕೆ ಬಿಚ್ಚದೆಯೇ ರದ್ದಿಗೆ ಹೋದದ್ದೇ ಹೆಚ್ಚು. ಪುಸ್ತಕ ಓದಲೆಂದೇ ಇರುವ ಒಂದು ಸಾಧನವನ್ನು 9 ಸಾವಿರ ಕೊಟ್ಟು ಕಂತಿನಲ್ಲಿ ಕೊಂಡೆ. ಕಾಯ್ದೆಯ ಕೋಷ್ಟಕಗಳು ಅದರಲ್ಲಿ ಅರ್ಧಕ್ಕೇ ಕತ್ತರಿಸಿ ಹೋಗುತ್ತಿದ್ದವು. ಈಗ ಅದರಲ್ಲಿ ಅಕ್ಕನ ಮಗ ಪತ್ತೇದಾರಿ ಕಥೆ ಓದುತ್ತಾನೆ. ಆಮೇಲೆ ಆನ್‌ಲೈನ್ ತರಗತಿ, 12 ಸಾವಿರ. ಪಾಠ ಹೇಳುವವರು ಬುದ್ಧಿವಂತರೇ. ಆದರೆ ನೋಡುವುದು ಬೇರೆ, ಓದುವುದು ಬೇರೆ. ವಿಡಿಯೊ ಮುಗಿದಾಗ ಎಲ್ಲ ತಿಳಿಯಿತು ಎನ್ನಿಸುತ್ತಿತ್ತು, ತೆರಿಗೆ ಇಲಾಖೆಯ ನೋಟಿಸಿಗೆ ಉತ್ತರ ಬರೆಯಲು ಕುಳಿತರೆ ಒಂದು ಸಾಲೂ ಬರುತ್ತಿರಲಿಲ್ಲ.

ಕೊನೆಗೆ ಜಿಎಸ್‌ಟಿ ಕಾಯ್ದೆಯ ಮೂಲಪಠ್ಯವನ್ನೇ ಕೊಂಡೆ, 1,300 ರೂಪಾಯಿ ಇದ್ದಿರಬೇಕು. ಒಂದನೇ ಸೆಕ್ಷನ್ನಿನಿಂದ ಶಿಸ್ತಾಗಿ ಶುರುಮಾಡಿದರೆ ಎರಡನೆಯದರಲ್ಲೇ 121 ವ್ಯಾಖ್ಯೆಗಳು. ಪ್ರತಿ ಸಲವೂ ನಾನು ಅಲ್ಲೇ ನಿಲ್ಲುತ್ತಿದ್ದೆ. ಬಹಳ ಜನ ಅಲ್ಲೇ ನಿಂತಿದ್ದಾರೆ, ಕೇಳಿ ನೋಡಿ.

ದಾರಿ ಸಿಕ್ಕಿದ್ದು ಒಂದು ನೋಟಿಸಿನಿಂದ. ಬೇಲೂರು ಕಡೆಯ ಒಬ್ಬ ವರ್ತಕರಿಗೆ ಇನ್‌ಪುಟ್ ತೆಗೆದುಕೊಂಡದ್ದರ ಬಗ್ಗೆ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡದ್ದರ ಬಗ್ಗೆ ಬಂದಿತ್ತು. ಅದರಲ್ಲಿ 17(5), ಅಂದರೆ 17ನೇ ಸೆಕ್ಷನ್ನಿನ ಐದನೇ ಉಪಸೆಕ್ಷನ್ ಎಂದು ನಮೂದಿಸಿದ್ದರು. ಆ ದಿನ ಅದೊಂದನ್ನೇ ತೆರೆದು ಓದಿದೆ. ಕಾರಿನ ಖರೀದಿ, ಊಟ ತಿಂಡಿಯ ಬಿಲ್ಲು, ಕಟ್ಟಡದ ಸಿಮೆಂಟು, ಯಾವುದಕ್ಕೆ ಇನ್‌ಪುಟ್ ಇಲ್ಲ, ಯಾವ ಸಂದರ್ಭದಲ್ಲಿ ಮಾತ್ರ ಉಂಟು ಎಂಬುದೆಲ್ಲ ಒಂದೂವರೆ ಪುಟದಲ್ಲಿತ್ತು. ಫೈಲು ಎದುರಿಗೇ ಇದ್ದುದರಿಂದ ಪ್ರತಿ ವಾಕ್ಯಕ್ಕೂ ಒಂದು ಬಿಲ್ಲು ಸಾಕ್ಷಿ ಸಿಕ್ಕಿತು. ಅಂದಿನಿಂದ ಕ್ರಮವಾಗಿ ಓದುವುದನ್ನು ಬಿಟ್ಟೆ. ಇಂದು ಯಾವ ಫೈಲು ಮುಟ್ಟುತ್ತೇನೋ ಅದಕ್ಕೆ ಸಂಬಂಧಪಟ್ಟ ಸೆಕ್ಷನ್ನೇ ಇಂದಿನ ಓದು. ಒಟ್ಟು 174 ಸೆಕ್ಷನ್ನುಗಳಲ್ಲಿ ನಮ್ಮ ಕಚೇರಿಗೆ ದಿನನಿತ್ಯ ಬೇಕಾಗುವವು ನಲವತ್ತನ್ನು ದಾಟುವುದಿಲ್ಲ.

ಹೊತ್ತು ಯಾವುದೆಂಬುದು ಇನ್ನೊಂದು ತಲೆನೋವು. ರಾತ್ರಿ ಊಟವಾದ ಮೇಲೆ ಓದುವುದು ನನ್ನಿಂದಾಗಲಿಲ್ಲ. ಕಾಯ್ದೆಯ ಭಾಷೆಗಿಂತ ಒಳ್ಳೆಯ ನಿದ್ದೆಮಾತ್ರೆ ಇಲ್ಲ. ಕಂಪ್ಯೂಟರ್ ಹಾಕಿದ ಮೇಲೆ ಓದುವುದಂತೂ ಕನಸು. ಹಾಗಾಗಿ ಆಲೂರಿನಿಂದ ಒಂದು ಬಸ್ ಮುಂಚೆ ಹೊರಟು ಎಂಟೂಮುಕ್ಕಾಲಿಗೆ ಕಚೇರಿಯಲ್ಲಿರುವುದು ಎಂದು ಮಾಡಿಕೊಂಡೆ. ಬೀಗದ ಕೈ ಕೇಳಿದಾಗ ಆಡಿಟರ್ ಸರ್ ಅನುಮಾನದಿಂದ ನೋಡಿದರು. “ಅಷ್ಟು ಬೇಗ ಬಂದು ಏನು ಮಾಡುತ್ತೀಯಪ್ಪ?” ಎಂದರು. ಓದುತ್ತೇನೆ ಎಂದೆ. “ಫ್ಯಾನಿನ ಕರೆಂಟು ನಿನ್ನ ಸಂಬಳದಲ್ಲಿ ಹಿಡಿಯುತ್ತೇನೆ” ಎಂದು ನಕ್ಕು ಕೊಟ್ಟರು. ಹಿಡಿಯಲಿಲ್ಲ.

ಮೊಬೈಲನ್ನು ಬೀರುವಿನಲ್ಲಿಟ್ಟು ಆ ಸೆಕ್ಷನ್ನನ್ನು ಒಮ್ಮೆ ಬಾಯಿಬಿಟ್ಟು ಓದುತ್ತೇನೆ. ಖಾಲಿ ಕಚೇರಿಯಲ್ಲಿ ಕೇಳುವವರಿರುವುದಿಲ್ಲ, ಕಸ ಗುಡಿಸುವ ಅಮ್ಮನ ಹೊರತು. ಅವರು ಮೊದಮೊದಲು ಮಂತ್ರ ಎಂದುಕೊಂಡಿದ್ದರಂತೆ. ಆಮೇಲೆ ಉದ್ದ ರಿಜಿಸ್ಟರಿನಲ್ಲಿ ನನ್ನದೇ ಕನ್ನಡದಲ್ಲಿ ಎರಡು ಸಾಲು. ಮೂರನೆಯ ಸಾಲು ಬರೆಯಬಾರದೆಂಬುದು ನಾನೇ ಹಾಕಿಕೊಂಡ ಕಟ್ಟು. ಎರಡು ಸಾಲಿಗೆ ಇಳಿಸಲು ಆಗದಿದ್ದರೆ ಅರ್ಥವಾಗಿಲ್ಲವೆಂದು ಲೆಕ್ಕ, ನಾಳೆಯೂ ಅದೇ ಓದು. ಇನ್‌ಪುಟ್ ಪಡೆಯುವ ಷರತ್ತುಗಳಿರುವ 16ನೇ ಸೆಕ್ಷನ್ ಒಂದೇ ನನ್ನನ್ನು ಹದಿನೈದು ದಿನದ ಹತ್ತಿರ ಹಿಡಿದಿಟ್ಟಿತ್ತು. ರಿಜಿಸ್ಟರಿನ ಎಡ ಅಂಚಿನಲ್ಲಿ ಬಣ್ಣದ ಪೆನ್ನಿನಲ್ಲಿ ಹಾಕುವ ಗುರುತುಗಳದ್ದು ಬೇರೆಯೇ ಒಂದು ಪದ್ಧತಿ ಇದೆ; ಅದನ್ನು ಇಲ್ಲಿ ಬರೆಯುವುದಿಲ್ಲ. ಕಚೇರಿಗೆ ಬಂದರೆ ತೋರಿಸುತ್ತೇನೆ, ಕಾಫಿ ನಿಮ್ಮದು.

ಹನ್ನೊಂದು ಮತ್ತು ಇಪ್ಪತ್ತನೇ ತಾರೀಖಿನ ಹಿಂದುಮುಂದಿನ ದಿನಗಳಲ್ಲಿ ಅಭ್ಯಾಸ ಸಾಯುತ್ತದೆ. ಎಲ್ಲರಿಗೂ ಸಾಯುವುದು ಅಲ್ಲೇ. ಅಕ್ಟೋಬರಿನಲ್ಲಿ ಇನ್ನೂ ಕಷ್ಟ: ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಮನೆ ತುಂಬ ನೆಂಟರು, ಊರು ತುಂಬ ವಾಹನ, ಬಸ್ಸೇ ಹೊತ್ತಿಗೆ ತಲುಪುವುದಿಲ್ಲ. ಅಂಥ ದಿನಗಳಲ್ಲಿ ಹೊಸದೇನೂ ಓದುವುದಿಲ್ಲ, ಹಿಂದೆ ಬರೆದ ಎರಡು ಸಾಲನ್ನು ನೋಡಿ ರಿಜಿಸ್ಟರ್ ಮುಚ್ಚುತ್ತೇನೆ. ಅದನ್ನೂ ಓದೆಂದೇ ಲೆಕ್ಕಕ್ಕೆ ಹಿಡಿಯುತ್ತೇನೆ. ಸ್ನೇಹಿತರೊಬ್ಬರು ಇದು ಮೋಸ ಎಂದರು. ಇರಲಿ. ನನ್ನದು ನಡೆಯುತ್ತಿದೆ, ಅವರದು ನಿಂತಿದೆ.

ಈಗ ಸಂಬಳ ಏರಿಸಿದ ಪ್ರಕರಣಕ್ಕೆ ಬರುತ್ತೇನೆ. ಸಕಲೇಶಪುರ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿ. 2018-19ರ ಕೆಲವು ತಿಂಗಳ 3ಬಿ ರಿಟರ್ನುಗಳನ್ನು, ಅಂದರೆ ಇನ್‌ಪುಟ್ ಕಳೆದು ತೆರಿಗೆ ಕಟ್ಟುವ ರಿಟರ್ನುಗಳನ್ನು, ಅವರು 2020ರಲ್ಲಿ ಸಲ್ಲಿಸಿದ್ದರು. ಆ ವರ್ಷದ ಇನ್‌ಪುಟ್ ತೆಗೆದುಕೊಳ್ಳಲು 16(4)ರ ಪ್ರಕಾರ ಗಡುವು 2019ರ ಅಕ್ಟೋಬರಿಗೇ ಮುಗಿದಿತ್ತು. 2024ರ ಏಪ್ರಿಲಿನಲ್ಲಿ ಆದೇಶ ಬಂತು: ತೆರಿಗೆ ಎರಡು ಲಕ್ಷ ಚಿಲ್ಲರೆ, ಬಡ್ಡಿ ದಂಡ ಸೇರಿ ನಾಲ್ಕನ್ನು ದಾಟುತ್ತಿತ್ತು. ಆದೇಶ ಪೋರ್ಟಲಿನಲ್ಲಿ ಬಿದ್ದಿತ್ತು, ಅಂಗಡಿಯವರು ನೋಡಿರಲಿಲ್ಲ. ನಮ್ಮಲ್ಲಿಗೆ ಫೈಲು ಬರುವಷ್ಟರಲ್ಲಿ ಮೂರು ತಿಂಗಳ ಅಪೀಲಿನ ಅವಧಿಯೂ ಹೋಗಿತ್ತು, ಅದರ ಮೇಲಿನ ರಿಯಾಯಿತಿಯ ಒಂದು ತಿಂಗಳೂ ಹೋಗಿತ್ತು. ಕಂತಿನಲ್ಲಿ ಕಟ್ಟುವುದೊಂದೇ ದಾರಿ ಎಂದು ಸರ್ ಹೇಳಿ ಕಳಿಸಿದ್ದರು.

ಅದೇ ವರ್ಷದ ಬಜೆಟ್ಟಿನೊಂದಿಗೆ 16(5) ಎಂಬ ಹೊಸ ಉಪಸೆಕ್ಷನ್ ಬಂದದ್ದು ನಮ್ಮ ಕಸುಬಿನವರಿಗೆಲ್ಲ ಗೊತ್ತು. 2017-18ರಿಂದ 2020-21ರವರೆಗಿನ ಇನ್‌ಪುಟ್ಟನ್ನು 2021ರ ನವೆಂಬರ್ 30ರೊಳಗೆ ಸಲ್ಲಿಸಿದ ರಿಟರ್ನಿನಲ್ಲಿ ತೆಗೆದುಕೊಂಡಿದ್ದರೆ ಸಿಂಧು. ಸುದ್ದಿ ಎಲ್ಲರಿಗೂ ತಲುಪಿತ್ತು, ನೂರು ವಿಡಿಯೊ ಬಂದಿದ್ದವು. ಆದರೆ ನಮ್ಮ ಕಚೇರಿಯಲ್ಲೂ ಅಕ್ಕಪಕ್ಕದ ಕಚೇರಿಗಳಲ್ಲೂ ಇದ್ದ ತಿಳಿವಳಿಕೆ, ಅಪೀಲಿನಲ್ಲಿರುವವರಿಗೆ ಮಾತ್ರ ಲಾಭ, ಆದೇಶವಾಗಿ ಸುಮ್ಮನಿದ್ದವರ ಕಥೆ ಮುಗಿಯಿತು ಎಂದು. ಒಂದು ಬೆಳಿಗ್ಗೆ ನಾನು ಅಕ್ಟೋಬರ್ 8ರ ಅಧಿಸೂಚನೆಯನ್ನು, 22/2024, ಬಾಯಿಬಿಟ್ಟು ಓದುತ್ತಿದ್ದೆ. ಅಪೀಲು ಹಾಕಿರದವರೇ, ಅಧಿಸೂಚನೆಯ ದಿನದಿಂದ ಆರು ತಿಂಗಳೊಳಗೆ, ಆದೇಶ ಕೊಟ್ಟ ಅಧಿಕಾರಿಗೇ ತಿದ್ದುಪಡಿಯ ಅರ್ಜಿ ಹಾಕಬಹುದು ಎಂದಿತ್ತು. ಅಪೀಲು ಹಾಕದೇ ಇದ್ದದ್ದೇ ಇಲ್ಲಿ ಅರ್ಹತೆ! ರಿಜಿಸ್ಟರಿನಲ್ಲಿ ಎರಡು ಸಾಲು ಬರೆದು, ಸರ್ ಬಂದ ಕೂಡಲೇ ಅವರ ಮೇಜಿನ ಮೇಲೆ ಮುದ್ರಿತ ಪ್ರತಿಯನ್ನಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ಓದಿದರು. ಏನೂ ಹೇಳಲಿಲ್ಲ, ಅಂಗಡಿಯವರಿಗೆ ಫೋನ್ ಮಾಡಿಸಿದರು.

ಆ ಅಧಿಸೂಚನೆಯ ಅನುಬಂಧ-ಎ ಭರ್ತಿ ಮಾಡಿ ಅರ್ಜಿ ಹಾಕಿದೆವು. ಮೂರು ತಿಂಗಳಿಗೆ ಸ್ವಲ್ಪ ಹೆಚ್ಚೇ ಹಿಡಿಯಿತು. ಆದೇಶದಲ್ಲಿ ಇನ್‌ಪುಟ್ ನಿರಾಕರಿಸಿದ್ದ ಭಾಗ ಪೂರ್ತಿ ರದ್ದಾಯಿತು. ಅಂಗಡಿಯವರು ಕೊಟ್ಟ ಶುಲ್ಕದಲ್ಲಿ 5 ಸಾವಿರವನ್ನು ಸರ್ ಕವರಿನಲ್ಲಿ ಹಾಕಿ ಕೊಟ್ಟರು, ಮುಂದಿನ ತಿಂಗಳಿಂದ ನೋಟಿಸುಗಳೆಲ್ಲ ನನ್ನ ಕೋಣೆಗೆ ಬರತೊಡಗಿದವು. ಇದೇ ತೊಡಕಿನ ಇನ್ನೊಬ್ಬ ಕಕ್ಷಿದಾರರು ಹೆದರಿ ಮೊದಲೇ ಪೂರ್ತಿ ಕಟ್ಟಿಬಿಟ್ಟಿದ್ದರು. ಕಟ್ಟಿದ್ದನ್ನು ಹಿಂದಿರುಗಿಸುವುದಿಲ್ಲ ಎಂದೂ 16(5)ನ್ನು ತಂದ ಹಣಕಾಸು ಕಾಯ್ದೆಯಲ್ಲೇ ಬರೆದಿದೆ. ಅವರಿಗೆ ಆ ಸಾಲನ್ನು ಓದಿ ಹೇಳಬೇಕಾದವನೂ ನಾನೇ.

ನಡುವೆ ಮಾಡಿದ ಪ್ರಯೋಗಗಳು ಹಲವು. ಸೆಕ್ಷನ್ನುಗಳನ್ನು ನನ್ನದೇ ಧ್ವನಿಯಲ್ಲಿ ಮುದ್ರಿಸಿಕೊಂಡು ಬಸ್ಸಿನಲ್ಲಿ ಕೇಳಿ ನೋಡಿದೆ. ನನ್ನ ಧ್ವನಿ ನನಗೇ ಬೇಸರ ತರಿಸಿತು. ಕರ್ನಾಟಕ ಜಿಎಸ್‌ಟಿ ಕಾಯ್ದೆಯ ಕನ್ನಡ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಅದು ಇಂಗ್ಲಿಷಿಗಿಂತ ಗಟ್ಟಿ, ಆದರೂ ಉದ್ದ ವಾಕ್ಯದಲ್ಲಿ ಯಾವುದು ಯಾವುದಕ್ಕೆ ಅನ್ವಯಿಸುತ್ತದೆಂದು ತಿಳಿಯದೆ ಸಿಕ್ಕಿಕೊಂಡಾಗ ಉಪಯೋಗಕ್ಕೆ ಬಂತು. ಬೇರೆ ಕಚೇರಿಯ ಇಬ್ಬರೊಂದಿಗೆ ಮಹಾರಾಜ ಪಾರ್ಕಿನಲ್ಲಿ ಭಾನುವಾರದ ಓದು ಆರಂಭಿಸಿದೆವು. ಎರಡನೇ ವಾರಕ್ಕೆ ಅದು ಯಾವ ಆಡಿಟರ್ ಎಷ್ಟು ಸಂಬಳ ಕೊಡುತ್ತಾರೆ ಎಂಬ ಚರ್ಚೆಯಾಯಿತು. ಒಂದರ್ಥದಲ್ಲಿ ಅದೂ ವೃತ್ತಿಗೆ ಅನುಕೂಲವೇ ಆಯಿತೆನ್ನಿ.

ಕಾಳುಮೆಣಸಿನ ಓದು ಮಾತ್ರ ಲಾಭ ತಂದಿತು. ಒಣಗಿಸಿದ ಮೆಣಸಿಗೆ ಶೇ. 5 ತೆರಿಗೆ ಇದೆಯಲ್ಲ, ಹಾಗಾದರೆ ನೋಂದಣಿ ಮಾಡಿಸಬೇಕೇ ಎಂದು ತೋಟದವರು ಕೇಳುತ್ತಲೇ ಇದ್ದರು. 2(7)ರಲ್ಲಿ ಕೃಷಿಕ ಎಂದರೆ ಯಾರೆಂದು, 23ರಲ್ಲಿ ಆತನಿಗೆ ನೋಂದಣಿ ಬೇಡವೆಂದು ಸ್ಪಷ್ಟವಾಗಿದೆ. 2025ರ ಫೆಬ್ರುವರಿಯ ಸುತ್ತೋಲೆ ಅದನ್ನೇ ಮೆಣಸಿನ ಹೆಸರು ಹಿಡಿದು ಹೇಳಿತು. ಆದರೆ ಆ ವ್ಯಾಖ್ಯೆಯಲ್ಲಿರುವುದು ವ್ಯಕ್ತಿ ಮತ್ತು ಹಿಂದೂ ಅವಿಭಕ್ತ ಕುಟುಂಬ ಮಾತ್ರ. ತೋಟ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿದ್ದರೆ? ಈ ಪ್ರಶ್ನೆಯನ್ನು ನಾನಾಗಿ ಎತ್ತಿದ್ದರಿಂದಲೇ ಎರಡು ಮೂರು ತೋಟಗಳ ಕೆಲಸ ನಮ್ಮ ಕಚೇರಿಗೆ ಬಂತು.

ವರ್ತಕರ ಪರವಾಗಿ ಜಿಎಸ್‌ಟಿ ಕೆಲಸ ಮಾಡುವವರಿಗಿರುವ ಜಿಎಸ್‌ಟಿ ಪ್ರಾಕ್ಟೀಷನರ್ ಪರೀಕ್ಷೆಯನ್ನೂ ಇದೇ ರಿಜಿಸ್ಟರಿನಿಂದ ಪಾಸು ಮಾಡಿದೆ. 100 ಪ್ರಶ್ನೆ, 200 ಅಂಕ, ಅರ್ಧ ಬಂದರೆ ಸಾಕು. ನನಗೆ 140ರ ಮೇಲೆ ಬಂದಿತ್ತು. ಅದಕ್ಕೆಂದು ಬೇರೆ ಪುಸ್ತಕ ಕೊಳ್ಳಲಿಲ್ಲ.

ಈಗ ಕೈಯಲ್ಲಿರುವುದು 2025ರ ಆದಾಯ ತೆರಿಗೆ ಕಾಯ್ದೆ, ಜಾರಿಯ ದಿನ 2026ರ ಏಪ್ರಿಲ್ 1. 536 ಸೆಕ್ಷನ್ನುಗಳು. ಉಳಿತಾಯಕ್ಕೆ ರಿಯಾಯಿತಿ ಕೊಡುತ್ತಿದ್ದ ಹಳೆಯ ಕಾಯ್ದೆಯ 80ಸಿ ಹೋಗಿ 123 ಆಗಿದೆ. ಸಂಬಳದ್ದನ್ನು ಬಿಟ್ಟು ಟಿಡಿಎಸ್ ಬಹುತೇಕ 393ರ ಕೋಷ್ಟಕಗಳೊಳಗೆ ಸೇರಿದೆ. ಹಳೆಯ ಟಿಡಿಎಸ್ ಸೆಕ್ಷನ್ನುಗಳನ್ನು 194ಸಿ, 194ಜೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದ ಹಿರಿಯರೂ ನಾವೂ ಇದರ ಮುಂದೆ ಒಂದೇ ಬೆಂಚಿನವರು. ಇಂಥ ಅವಕಾಶ ನಮ್ಮ ಕಸುಬಿನಲ್ಲಿ ಪದೇ ಪದೇ ಬರುವುದಿಲ್ಲ. ನಾನು 393ರಿಂದಲೇ ಶುರುಮಾಡಿದ್ದೇನೆ, ಗುತ್ತಿಗೆದಾರರ ಫೈಲು ನಮ್ಮಲ್ಲಿ ಹೆಚ್ಚು. ಬಾಡಿಗೆಯ ಫೈಲು ಹೆಚ್ಚಿರುವವರು ಆ ಸಾಲಿನಿಂದ ಶುರುಮಾಡಲಿ. ರಿಜಿಸ್ಟರ್ ಮಾತ್ರ ದಪ್ಪ ರಟ್ಟಿನದೇ ಇರಲಿ. ನಲವತ್ತು ರೂಪಾಯಿ ಉಳಿಸಲು ತೆಳ್ಳಗಿನದು ತಂದರೆ ಮಳೆಗಾಲದಲ್ಲಿ ಹಾಳೆ ಮೆತ್ತಗಾಗಿ ಶಾಯಿ ಹಿಂಬದಿಗೆ ಇಳಿಯುತ್ತದೆ.