ಹಿತ್ತಾಳೆ ಷಾಸಿಯ ಸ್ಲಾಟ್ ಕಾರು: ಕಟ್ಟುವುದು, ಹದಕ್ಕೆ ತರುವುದು

ಸ್ಲಾಟ್ ಕಾರು ಅಂದರೆ ಟ್ರ್ಯಾಕಿನ ಸೀಳಿನಲ್ಲಿ (ಸ್ಲಾಟ್) ಸಾಗುತ್ತಾ, ಅದರ ಪಕ್ಕದ ಪಟ್ಟಿಗಳಿಂದ ವಿದ್ಯುತ್ ಪಡೆದು ಓಡುವ ಪುಟ್ಟ ಕಾರು. ನಾನು ಕಟ್ಟುವುದು ನಿಜವಾದ ಕಾರಿನ 1/32 ಅಳತೆಯದು. ಓಡಿಸುವುದು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯಲ್ಲಿ ಸ್ಲಾಟ್ ಕೊರೆದು, ಎರಡೂ ಬದಿ ತಾಮ್ರದ ಪಟ್ಟಿ ಅಂಟಿಸಿದ ಟ್ರ್ಯಾಕಿನ ಮೇಲೆ. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಾಗಾಗಿ ರೆಡಿಮೇಡ್ ಕಾರಿನ ಹೊಟ್ಟೆಯಲ್ಲಿರುವ ಅಯಸ್ಕಾಂತ ಇಲ್ಲಿ ದಂಡ. ತಿರುವಿನಲ್ಲಿ ಕಾರನ್ನು ಹಿಡಿಯಬೇಕಾದ್ದು ಟೈರು ಮತ್ತು ತಳದಲ್ಲಿರುವ ತೂಕ. ಹೊಸಬರು ಮೊದಲು ಮೋಟಾರು ಬದಲಿಸುತ್ತಾರೆ; ನಾನು ಅದನ್ನು ಕೊನೆಗೆ ಮುಟ್ಟುತ್ತೇನೆ.

ಷಾಸಿಗೆ 1 ಮಿ.ಮೀ. ದಪ್ಪದ ಹಿತ್ತಾಳೆ ತಗಡು ಸಾಕು. ಹತ್ತು ಚದರ ಸೆಂ.ಮೀ. ತಗಡು ಸುಮಾರು ಎಂಟೂವರೆ ಗ್ರಾಂ ತೂಗುತ್ತದೆ, ಈ ಲೆಕ್ಕದಲ್ಲಿ ಕತ್ತರಿಸುವ ಮೊದಲೇ ತೂಕ ಅಂದಾಜಿಸಬಹುದು. ಬಾಡಿ ಸೇರಿ ಒಟ್ಟು 80ರಿಂದ 90 ಗ್ರಾಂ ಒಳಗೆ ಇಟ್ಟುಕೊಳ್ಳುತ್ತೇನೆ. ನಡುವೆ ಮೋಟಾರು, ಆಕ್ಸಲ್, ಗೈಡ್ (ಮೂತಿಯ ಅಡಿಯಲ್ಲಿ ಸ್ಲಾಟಿಗೆ ಇಳಿಯುವ ತುಂಡು) ಕೂರುವ ಒಂದು ಗಟ್ಟಿ ಪಟ್ಟಿ. ಎರಡೂ ಪಕ್ಕ ತಂತಿಯ ಕೀಲಿನ ಮೇಲೆ ಅಲುಗಾಡುವ ಎರಡು ರೆಕ್ಕೆ. ಬಾಡಿ ಕೂರುವುದು ರೆಕ್ಕೆಗಳ ಮೇಲೆ. ಈ ಅಲುಗಾಟ ಅರ್ಧ ಮಿ.ಮೀ. ಮೀರಬಾರದು.

ಇಡೀ ಕೆಲಸದಲ್ಲಿ ಹೆಚ್ಚು ಕೆಡುವುದು ಹಿಂದಿನ ಆಕ್ಸಲ್ಲಿನ ನೇರ. ಆಕ್ಸಲ್ 2.38 ಮಿ.ಮೀ., ಅಂದರೆ 3/32 ಇಂಚು. ಅದು ತಿರುಗುವ ಬುಶ್‌ಗಳ (ಸಣ್ಣ ಬಳೆಗಳ) ಹೊರ ಅಳತೆ 3/16 ಇಂಚು. ಬುಶ್‌ಗಳು ಕೂರುವ ಯು ಆಕಾರದ ಬ್ರಾಕೆಟಿನ ಎರಡೂ ಗೋಡೆಗೆ ಕೈ ಡ್ರಿಲ್ಲಿನಲ್ಲಿ ಬೇರೆ ಬೇರೆಯಾಗಿ ತೂತು ಹಾಕಿದರೆ ಸೊಟ್ಟ ಆಗಿಯೇ ಆಗುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ಎಸ್ಟೇಟಿನ ಕಡೆ ಲೇತ್ ಕೆಲಸದವರಿಗೆ ಕೊಟ್ಟು, ಎರಡೂ ಗೋಡೆಯನ್ನು ಒಂದೇ ಹೊಡೆತದಲ್ಲಿ ಕೊರೆಸುವುದು ಒಳ್ಳೆಯದು. ನಂತರ ಬುಶ್‌ಗಳಲ್ಲಿ ನೇರ ಸರಳು ತೂರಿಸಿಟ್ಟೇ ಬೆಸುಗೆ ಹಾಕುತ್ತೇನೆ. ಸರಳಿಗೆ ಎಣ್ಣೆ ಸವರಿದ್ದರೆ ಸೋಲ್ಡರ್ ಅದಕ್ಕೆ ಹಿಡಿಯುವುದಿಲ್ಲ. ಆಮೇಲೆ ಆಕ್ಸಲ್ ಹಾಕಿ ಬೆರಳಿನಿಂದ ಚಿಮ್ಮಿದರೆ ತಡೆಯಿಲ್ಲದೆ ತಿರುಗಬೇಕು.

ಬೆಸುಗೆಗೆ 25 ವ್ಯಾಟಿನ ಐರನ್ ಆಗದು. ತಗಡು ಶಾಖವನ್ನೆಲ್ಲ ಹೀರಿಕೊಂಡು ಸೋಲ್ಡರ್ ಮೇಲೆಯೇ ಗುಂಡಗೆ ನಿಲ್ಲುತ್ತದೆ. ಕನಿಷ್ಠ 60 ವ್ಯಾಟ್ ಬೇಕು. ಕಡಪ ಕಲ್ಲಿನ ಮೇಲಿಟ್ಟು ಬೆಸೆಯಬೇಡಿ, ಕಲ್ಲೂ ಶಾಖ ಎಳೆಯುತ್ತದೆ. ಪ್ಲೈವುಡ್ ತುಂಡಿನ ಮೇಲೆ ಬೆಸೆದು, ಆರಿದ ಮೇಲೆ ಗಾಜಿನ ಮೇಲಿಟ್ಟು ಸಮ ನೋಡಿ. ಸೋಲ್ಡರ್ ಹಿಡಿಯಲು ಹಚ್ಚುವ ಫ್ಲಕ್ಸ್ ಆಸಿಡ್‌ನದಾದರೆ ಕೂಡಲೇ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಉಕ್ಕಿನ ತಂತಿ, ಆಕ್ಸಲ್ ತುಕ್ಕು ಹಿಡಿಯುತ್ತವೆ. ಇದೆಲ್ಲ ಮುಗಿಯುವವರೆಗೆ ಮೋಟಾರು ಹತ್ತಿರ ಬರಬಾರದು. ಶಾಖಕ್ಕೆ ಅದರ ಅಯಸ್ಕಾಂತ ಸೊರಗುತ್ತದೆ.

ಟ್ರ್ಯಾಕಿನಿಂದ ಷಾಸಿಗೆ 1 ಮಿ.ಮೀ. ಅಂತರ ಇರಲೇಬೇಕು. ಅದೇ ತಗಡಿನ ಚೂರನ್ನು ಅಡಿಯಲ್ಲಿಟ್ಟು ಅಳೆಯಬಹುದು. ಟೈರು ಸವೆದು ಷಾಸಿ ಇಳಿದರೆ ಹಿತ್ತಾಳೆ ಎರಡೂ ತಾಮ್ರದ ಪಟ್ಟಿಗೆ ತಾಗಿ ಶಾರ್ಟ್ ಆಗುತ್ತದೆ.

ಟೈರು ಯುರೇಥೇನ್‌ದು. ರಿಮ್ಮಿಗೆ ಸೂಪರ್ ಗ್ಲೂ ಹಚ್ಚಿ ಕೂರಿಸಿ, ಒಂದು ರಾತ್ರಿ ಬಿಟ್ಟು, ಕಾರನ್ನು 5–6 ವೋಲ್ಟಿನಲ್ಲಿ ಓಡಿಸುತ್ತಾ ಗಾಜಿಗೆ ಅಂಟಿಸಿದ ಪಾಲಿಶ್ ಪೇಪರಿನ ಮೇಲೆ ಹಗುರಾಗಿ ತಾಗಿಸುತ್ತೇನೆ. ಮೊದಲು 180 ನಂಬರಿನ ಪೇಪರು, ಆಮೇಲೆ 400ರದು. ಅಂಟಿಸದ ಟೈರು ವೇಗದಲ್ಲಿ ಉಬ್ಬಿ ಗುಂಡಗಿನ ಆಕಾರ ಕಳೆದುಕೊಳ್ಳುತ್ತದೆ, ಹಿಂಬದಿ ಕುಪ್ಪಳಿಸುತ್ತದೆ. ಮುಂದಿನ ಟೈರಿಗೆ ಉಲ್ಟಾ ಉಪಚಾರ: ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದು ಹಿಡಿತ ತೆಗೆಯಬೇಕು. ಮುಂದಿನ ಚಕ್ರ ನೆಲಕ್ಕೆ ಸೋಕಿದರೆ ಸಾಕು. ಭಾರ ಗೈಡ್ ಮೇಲಿರಲಿ.

ಮೋಟಾರು 130 ಅಳತೆಯದು, 12 ವೋಲ್ಟಿಗೆ ನಿಮಿಷಕ್ಕೆ 20,000 ಸುತ್ತಿನ ಆಸುಪಾಸಿನದು. ಆಟಿಕೆಯಿಂದ ಕಿತ್ತ ಅದೇ ಗಾತ್ರದ ಮೋಟಾರು 3 ವೋಲ್ಟಿನ ಲೆಕ್ಕದ್ದು. 12ರಲ್ಲಿ ಅದರ ಬ್ರಶ್ (ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ತುಂಡು) ಸುಟ್ಟುಹೋಗುತ್ತದೆ. ಹೊಸದನ್ನು 3 ವೋಲ್ಟಿನಲ್ಲಿ ಅರ್ಧ ತಾಸು ಖಾಲಿ ಓಡಿಸಿದರೆ ಬ್ರಶ್ ಕೂರುತ್ತದೆ. ಮೋಟಾರಿನ ಸಣ್ಣ ಗೇರು, ಅಂದರೆ ಪಿನಿಯನ್, 11 ಹಲ್ಲು; ಆಕ್ಸಲ್ಲಿನ ದೊಡ್ಡ ಗೇರು 32. ಹಲ್ಲುಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮೋಟಾರನ್ನು ಬಿಗಿದು, ಕಾಗದ ಎಳೆದರೆ ಸರಿಯಾದ ಸಂದು ಉಳಿಯುತ್ತದೆ. ಕಿರುಚುವ ಗೇರು ಬಿಗಿಯಾಗಿದೆ ಎಂದೇ ಅರ್ಥ.

ಗೈಡಿಗೆ ಹೋಗುವ ತಂತಿ ಮೆತ್ತಗಿನ ಸಿಲಿಕೋನ್ ಹೊದಿಕೆಯದೇ ಆಗಲಿ. ಬಿರುಸು ತಂತಿ ಗೈಡನ್ನು ಒಂದೇ ಕಡೆ ತಳ್ಳುತ್ತದೆ, ಕಾರು ಎಡ ತಿರುವಿನಲ್ಲಿ ಚೆನ್ನಾಗಿ ಹೋಗಿ ಬಲಕ್ಕೆ ಹಾರುತ್ತದೆ. ಗೈಡಿನ ಅಡಿಯಲ್ಲಿ ತಾಮ್ರದ ಪಟ್ಟಿಗೆ ತಾಗುವ ಹೆಣೆದ ತಂತಿ, ಅಂದರೆ ಬ್ರೇಡ್, ಹೆಚ್ಚು ಬಾಗಿದ್ದರೂ ಮೂತಿ ಎತ್ತುತ್ತದೆ.

ಹದ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬಾಡಿ ಸ್ಕ್ರೂಗಳನ್ನು ಪೂರ್ತಿ ಬಿಗಿದು ಅರ್ಧ ಸುತ್ತು ಸಡಿಲಿಸುವುದು ಮೊದಲ ಹೆಜ್ಜೆ; ಬಹಳ ಸಲ ಕುಪ್ಪಳಿಕೆ ಅಲ್ಲಿಗೇ ನಿಲ್ಲುತ್ತದೆ. ಮೂತಿ ಸ್ಲಾಟಿನಿಂದ ಎದ್ದರೆ ಗೈಡಿನ ಹಿಂದೆ 2 ಗ್ರಾಂ ಸೀಸ. ಕಾರು ಮಗುಚಿದರೆ ರೆಕ್ಕೆಗಳ ಹೊರ ಅಂಚಿಗೆ, ಎರಡೂ ಕಡೆ ಸಮ ತೂಕ. ಹಿಂಬದಿ ಜಾರಿದರೆ ಸೀಸಕ್ಕೆ ಕೈ ಹಾಕುವ ಮೊದಲು ಟೈರು ನೋಡಿ. ನಮ್ಮ ಹುಬ್ಬಳ್ಳಿ ಧೂಳಿಗೆ ನಾಲ್ಕು ಸುತ್ತಿನಲ್ಲೇ ಟೈರು ಬೆಳ್ಳಗಾಗುತ್ತದೆ. ಪ್ಯಾಕಿಂಗ್ ಟೇಪಿನ ಅಂಟು ಬದಿಯ ಮೇಲೆ ಉರುಳಿಸಿದರೆ ಹಿಡಿತ ಮರಳುತ್ತದೆ. ಧಾರವಾಡದ ಮಳೆಗಾಲದಲ್ಲಿ ತೊಂದರೆ ಬೇರೆ: ಎಂಡಿಎಫ್ ಅಂಚು ತೇವಕ್ಕೆ ಉಬ್ಬಿ ಪಟ್ಟಿ ಏಳುತ್ತದೆ, ತಾಮ್ರ ಕಪ್ಪಾಗಿ ಕಾರು ಮುಗ್ಗರಿಸುತ್ತದೆ. ಆಗ ಒಳ್ಳೆಯ ಕಾರನ್ನು ಬಿಚ್ಚಿ ಕೂರುವವರೇ ಹೆಚ್ಚು. ಒಂದೇ ಜಾಗದಲ್ಲಿ ಎಲ್ಲ ಕಾರೂ ಮುಗ್ಗರಿಸಿದರೆ ದೋಷ ಟ್ರ್ಯಾಕಿನದು. ಪಟ್ಟಿ ಒರೆಸಿ, ದೂರದ ತುದಿಗೂ ಸಪ್ಲೈಯಿಂದ ಇನ್ನೊಂದು ಜೋಡಿ ತಂತಿ ಎಳೆದುಕೊಳ್ಳಿ.