ಸೈಕಲ್ ದಾರಿಗೆ ಬೇಕಾದ ಎರಡು ಮೀಟರ್

ಸೈಕಲ್ ದಾರಿಯ ನಕ್ಷೆ ಬಿಡಿಸುವುದು ಕಷ್ಟದ ಕೆಲಸವೇನಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಇದಕ್ಕೆಂದೇ ಮಾರ್ಗಸೂಚಿ ಮಾಡಿದೆ, 2015ರಲ್ಲಿ ಅದನ್ನು ಪರಿಷ್ಕರಿಸಿಯೂ ಇದೆ. ಒಂದು ದಿಕ್ಕಿನ ಸೈಕಲ್ ಸಂಚಾರಕ್ಕೆ ಎರಡು ಮೀಟರ್ ಅಗಲ ಸಾಕು. ರಸ್ತೆ ಬದಿ ನಿಲ್ಲಿಸಿದ ಕಾರಿಗೂ ಹೆಚ್ಚುಕಡಿಮೆ ಅಷ್ಟೇ ಅಗಲ ಬೇಕು. ರಸ್ತೆ ವಿನ್ಯಾಸದ ಕೆಲಸದಲ್ಲಿ ಇಷ್ಟು ವರ್ಷ ಇದ್ದ ಮೇಲೆ ನನಗೆ ಖಾತ್ರಿಯಾಗಿರುವ ವಿಷಯ ಇದು: ಬೆಂಗಳೂರಿನಲ್ಲಿ ಸೈಕಲ್ ದಾರಿ ಕೇಳಿದರೆ ನಿಂತ ಕಾರಿನ ಜಾಗ ಕೇಳಿದಂತೆ. ಓಡುವ ಕಾರುಗಳಿಗೆ ಹೆಚ್ಚಿನ ತೊಂದರೆ ಇರುವುದಿಲ್ಲ. ಜಗಳ ಎಲ್ಲ ಪಾರ್ಕಿಂಗಿನದು.

ನಾವು ಕೆಲಸ ಮಾಡಿದ್ದು ನಗರದ ಪಶ್ಚಿಮ ಭಾಗದ ಒಂದು ರಸ್ತೆಯಲ್ಲಿ. ಒಂದು ತುದಿಗೆ ಮೆಟ್ರೋ ನಿಲ್ದಾಣ, ಇನ್ನೊಂದು ತುದಿಗೆ ಸಣ್ಣ ಕೈಗಾರಿಕೆಗಳ ಶೆಡ್ಡುಗಳು. ನಡುವೆ ಅಂಗಡಿ ಸಾಲು, ಸರ್ಕಾರಿ ಶಾಲೆ, ಒಂದು ಕಲ್ಯಾಣ ಮಂಟಪ. ಅಲ್ಲಿಯವರ ಜೊತೆ ಮಾತುಕತೆ ಇನ್ನೂ ಮುಗಿದಿಲ್ಲ, ಹಾಗಾಗಿ ಹೆಸರು ಬರೆಯುವುದಿಲ್ಲ.

ಎಲ್ಲೇ ಹೋದರೂ ಮೊದಲು ಎದುರಾಗುವ ಪ್ರಶ್ನೆ ಒಂದೇ. "ಇಲ್ಲಿ ಸೈಕಲ್ ಯಾರು ಹೊಡೀತಾರೆ, ಮೇಡಂ?" ಒಂದು ಕೋಟಿಗೂ ಹೆಚ್ಚು ವಾಹನ ನೋಂದಣಿಯಾಗಿರುವ ಊರಿನಲ್ಲಿ ಈ ಪ್ರಶ್ನೆ ಸಹಜ. ಇದಕ್ಕೆ ಬಾಯಲ್ಲಿ ಉತ್ತರ ಕೊಟ್ಟು ಪ್ರಯೋಜನವಿಲ್ಲ. ಎಣಿಸಿ ತೋರಿಸಬೇಕು.

ಆದರೆ ಮಾಮೂಲಿ ಟ್ರಾಫಿಕ್ ಎಣಿಕೆ ನಮ್ಮ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಎಲ್ಲ ವಾಹನಗಳನ್ನೂ ಕಾರಿನ ಅಳತೆಗೆ ತಿರುಗಿಸುತ್ತಾರೆ. ನಗರದ ರಸ್ತೆಗಳಿಗೆಂದು 1990ರಲ್ಲಿ ಮಾಡಿದ ಮಾರ್ಗಸೂಚಿಯಲ್ಲಿ ಕಾರು ಅಂದರೆ 1. ಸೈಕಲ್ 0.4 ಅಥವಾ 0.5. ಬಸ್ಸು 2.2ರಿಂದ 3.7. ಬಸ್ಸಿನೊಳಗೆ 60 ಜನ ಇದ್ದರೂ, ಕಾರಿನೊಳಗೆ ಒಬ್ಬರೇ ಇದ್ದರೂ ಈ ಲೆಕ್ಕಕ್ಕೆ ವ್ಯತ್ಯಾಸ ಇಲ್ಲ. ಬಸ್ಸು ರಸ್ತೆಗೆ ಹೊರೆ, ಸೈಕಲ್ ಅರ್ಧ ಕಾರು. ಇದೇ ಅಂಕಿ ಇಟ್ಟುಕೊಂಡು ರಸ್ತೆ ಮಾಡಿದರೆ ಕೊನೆಗೆ ಕಾರಿಗೇ ಜಾಗ ಸಿಗುತ್ತದೆ, ಅಲ್ವಾ? ವಾಹನಗಳಿಗಿಂತ ಜನರ ಓಡಾಟ ಮುಖ್ಯ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸ್ಪಷ್ಟವಾಗಿ ಹೇಳಿತು. ಎಣಿಕೆಯ ಹಾಳೆ ಮಾತ್ರ ಬದಲಾಗಲಿಲ್ಲ.

ಹಾಗಾಗಿ ನಾವೇ ಬೇರೆ ಹಾಳೆ ಮಾಡಿಕೊಂಡೆವು. ಒಂದು ಕಾಲಂ ವಾಹನಕ್ಕೆ, ಇನ್ನೊಂದು ಅದರಲ್ಲಿರುವ ಜನಕ್ಕೆ. ಸೈಕಲ್ ಆದರೆ ಕ್ಯಾರಿಯರ್ ಮೇಲೆ ಏನಿದೆ ಅನ್ನುವುದಕ್ಕೆ ಮತ್ತೊಂದು. ಹತ್ತಿರದ ಕಾಲೇಜಿನ ಹುಡುಗ ಹುಡುಗಿಯರು ಎಣಿಸಲು ಒಪ್ಪಿದರು. ಬೆಳಕು ಹರಿಯುವ ಮೊದಲೇ ಶುರುಮಾಡಿದೆವು. ಇದು ತುಂಬಾ ಮುಖ್ಯ. ಕಚೇರಿ ಹೊತ್ತಿನಲ್ಲಿ ಮಾತ್ರ ಎಣಿಸಿದರೆ ಈ ಊರಿನ ಸೈಕಲ್ ಸವಾರರು ಕಣ್ಣಿಗೇ ಬೀಳುವುದಿಲ್ಲ. ಪೇಪರ್ ಹಾಕುವ ಹುಡುಗರು, ಹಾಲು ಹಾಕುವವರು, ಟೀ ಫ್ಲಾಸ್ಕ್ ಕಟ್ಟಿಕೊಂಡವರು ಮೊದಲು ಬಂದರು. ಆಮೇಲೆ ರಾತ್ರಿ ಪಾಳಿ ಮುಗಿಸಿದ ಸೆಕ್ಯೂರಿಟಿಯವರು, ಶೆಡ್ಡಿಗೆ ಹೊರಟವರು, ಊಟದ ಡಬ್ಬಿ ನೇತುಹಾಕಿಕೊಂಡ ಗಾರೆ ಕೆಲಸದವರು. ಹೆಲ್ಮೆಟ್ ಹಾಕಿ ಗೇರ್ ಸೈಕಲ್ ತರುವವರೂ ಇದ್ದರು, ಆದರೆ ಹೆಚ್ಚಾಗಿ ಭಾನುವಾರ. ಸೈಕಲ್ ದಾರಿ ಅಂದ ಕೂಡಲೇ ಸಭೆಯಲ್ಲಿ ಕೂತವರ ತಲೆಗೆ ಬರುವುದು ಈ ಭಾನುವಾರದವರೇ. ದಿನಾ ಓಡಾಡುವವರು ಯಾರು ಅನ್ನುವುದನ್ನು ಆ ಹಾಳೆ ತೋರಿಸಿತು.

ಎರಡನೆಯ ಎಣಿಕೆ ನಿಂತ ಕಾರುಗಳದ್ದು. ಇದೇ ನಿಜವಾಗಿ ಕೆಲಸಕ್ಕೆ ಬಂದಿದ್ದು. ಅರ್ಧ ಗಂಟೆಗೊಮ್ಮೆ ರಸ್ತೆ ಉದ್ದಕ್ಕೂ ನಡೆದು ಪ್ರತಿ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳುವುದು, ಅಷ್ಟೇ. ಸಂಜೆ ಕೂತು ನೋಡಿದರೆ ಯಾವ ಗಾಡಿ ಎಷ್ಟು ಹೊತ್ತು ನಿಂತಿತ್ತು ಎಂದು ಗೊತ್ತಾಗುತ್ತದೆ. ಅಂಗಡಿಯವರು "ಪಾರ್ಕಿಂಗ್ ತೆಗೆದರೆ ಗಿರಾಕಿ ಬರಲ್ಲ" ಎನ್ನುತ್ತಿದ್ದರು. ಅಂಗಡಿ ಮುಂದೆ ಬೆಳಗಿನಿಂದ ರಾತ್ರಿವರೆಗೆ ಕದಲದೆ ನಿಂತಿದ್ದ ಕಾರುಗಳಲ್ಲಿ ಗಿರಾಕಿಗಳದ್ದು ಕಡಿಮೆ. ಜಾಸ್ತಿ ಇದ್ದದ್ದು ಅಂಗಡಿ ಮಾಲೀಕರವು, ಹಿಂದಿನ ಕ್ರಾಸಿನ ಮನೆಗಳವು, ಬೆಳಿಗ್ಗೆ ಕಾರು ಬಿಟ್ಟು ಮೆಟ್ರೋ ಹತ್ತಿದವರವು. ಗಿರಾಕಿ ನಡೆದೋ ಸ್ಕೂಟರಿನಲ್ಲೋ ಬರುತ್ತಿದ್ದರು, ನಿಲ್ಲಿಸಲು ಜಾಗ ಸಿಗದೆ ಎರಡನೇ ಸಾಲಿನಲ್ಲಿ ನಿಲ್ಲಿಸಿ ಗಡಿಬಿಡಿಯಲ್ಲಿ ಹೋಗುತ್ತಿದ್ದರು. ಆ ಪಟ್ಟಿಯನ್ನು ಅಂಗಡಿಯವರಿಗೆ ಮೊದಲು ತೋರಿಸಿದೆವು, ಒಬ್ಬೊಬ್ಬರಿಗೇ, ಅವರ ಗಲ್ಲಾಪೆಟ್ಟಿಗೆ ಹತ್ತಿರ ನಿಂತು. ಎಲ್ಲರ ಎದುರು ತೋರಿಸಿದ್ದರೆ ಅವಮಾನವಾಗುತ್ತಿತ್ತು, ಮಾತು ಅಲ್ಲಿಗೇ ಮುರಿಯುತ್ತಿತ್ತು. ಕಿರಾಣಿ ಅಂಗಡಿ ಯಜಮಾನರು ಮೊದಲು ಬದಲಾದರು. ಅವರ ಅಂಗಡಿಗೆ ಸಾಮಾನು ತರುವ ಟೆಂಪೋಗೇ ಜಾಗ ಇರಲಿಲ್ಲ. ದಿನದ ನಿರ್ದಿಷ್ಟ ಹೊತ್ತಿನಲ್ಲಿ ಲೋಡಿಂಗಿಗೆ ಒಂದು ಕಡೆ ಜಾಗ ಬಿಡುತ್ತೇವೆ ಎಂದಾಗ ಅವರೇ ಪಕ್ಕದವರಿಗೆ ಹೇಳಲು ಹೊರಟರು.

ನಿವಾಸಿಗಳ ಸಂಘದ ಸಭೆ ಇಷ್ಟು ಸುಲಭ ಇರಲಿಲ್ಲ. "ಇದೇನು ಆಮ್‌ಸ್ಟರ್‌ಡ್ಯಾಮಾ?" ಎಂದು ಯಾರಾದರೂ ಕೇಳುವುದು ಖಂಡಿತ. ನೆದರ್ಲೆಂಡ್ಸಿನಲ್ಲೂ ಕಾರುಗಳೇ ತುಂಬಿದ್ದವು, 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತಿದ್ದರು, ಮಕ್ಕಳ ಸಾವಿನ ವಿರುದ್ಧ ಹೆತ್ತವರು ಬೀದಿಗಿಳಿದ ಮೇಲೇ ಬದಲಾವಣೆ ಶುರುವಾಯಿತು. ಇದು ನಿಜ. ಆದರೆ ನಾನು ಇದನ್ನು ಸಭೆಯಲ್ಲಿ ಹೇಳುವುದಿಲ್ಲ. ದೂರದ ಊರಿನ ಕತೆಯಿಂದ ಯಾರೂ ತಮ್ಮ ಮನೆ ಮುಂದಿನ ಜಾಗ ಬಿಟ್ಟುಕೊಡುವುದಿಲ್ಲ. ನಮ್ಮ ಊರಿನದೇ ಮಾತು ತೆಗೆಯುತ್ತೇನೆ. ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಖಾನೆಗಳಿಗೆ ಜನ ಹೇಗೆ ಹೋಗುತ್ತಿದ್ದರು ಎಂದು ಹಿರಿಯರನ್ನು ಕೇಳುತ್ತೇನೆ. ಆ ದಿನ ಸಂಘದ ಹಿರಿಯರೊಬ್ಬರು, ಅಲ್ಲಿಯವರೆಗೆ ವಿರೋಧಿಸುತ್ತಿದ್ದವರು, ಎದ್ದು ನಿಂತು ಜಾಲಹಳ್ಳಿಯ ಕಾರ್ಖಾನೆಗೆ ತಾವು ಸೈಕಲ್ಲಿನಲ್ಲಿ ಹೋಗುತ್ತಿದ್ದುದನ್ನು ಹೇಳಿದರು. ಡೈನಮೋ ಕೆಟ್ಟರೆ ಪೊಲೀಸರು ಹಿಡಿಯುತ್ತಿದ್ದುದು, ಪಾಳಿ ಬಿಟ್ಟಾಗ ರಸ್ತೆ ತುಂಬ ಬರೀ ಸೈಕಲ್ಲೇ ಇದ್ದದ್ದು. ಕೊನೆಗೆ, "ನನ್ನ ಮೊಮ್ಮಗನನ್ನ ಈ ರಸ್ತೇಲಿ ಸೈಕಲ್ ಕೊಟ್ಟು ಕಳಿಸೋಕೆ ನನಗೇ ಧೈರ್ಯ ಇಲ್ಲಮ್ಮ" ಎಂದರು. ಸಭೆಯ ಧಾಟಿ ಅಲ್ಲಿಂದ ಬದಲಾಯಿತು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಸಭೆಗಳು ನಡೆಯುವುದು ಶನಿವಾರ ಹನ್ನೊಂದು ಗಂಟೆಗೆ. ದಿನಾ ಸೈಕಲ್ ಹೊಡೆಯುವ ಒಬ್ಬರೂ ಆ ಹೊತ್ತಿಗೆ ಬರಲಾರರು. ಹಾಗಾಗಿ ನಾವು ರಾತ್ರಿ ಟೀ ಅಂಗಡಿ ಹತ್ತಿರ ಇನ್ನೊಂದು ಸಭೆ ಮಾಡಿದೆವು. ರಾಯಚೂರು ಕಡೆಯ ಸೆಕ್ಯೂರಿಟಿ ಗಾರ್ಡ್ ಒಬ್ಬರು ಹೇಳಿದರು: "ಸೈಕಲ್ ಹೊಡ್ಯೋದು ನಮಗ ಶೋಕಿ ಅಲ್ರಿ ಮೇಡಂ. ನಮ್ಮ ಡ್ಯೂಟಿ ಬಿಡೋ ಟೈಮಿಗೆ ಬಸ್ಸು ಇರಂಗಿಲ್ಲ. ಇದ್ರೂ ರೊಕ್ಕ ಕೊಡಬೇಕಲ್ರಿ." 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಹೆಂಡತಿಗೆ ಬಸ್ಸು ಉಚಿತ. ಅವರಿಗೆ ಸೈಕಲ್ಲೇ ಗತಿ. ಚರಂಡಿ ಜಾಲರಿಯ ಸಂದಿಗೆ ಚಕ್ರ ಸಿಕ್ಕಿ ಬೀಳುವುದು, ಶಾಲೆ ಮುಂದಿನ ತಿರುವಿನಲ್ಲಿ ಕಾರಿನ ಬಾಗಿಲು ತಟ್ಟನೆ ತೆರೆಯುವುದು, ಇವನ್ನೆಲ್ಲ ನಮಗೆ ಜಾಗ ಸಮೇತ ತೋರಿಸಿದ್ದು ಅವರೇ. ನಮ್ಮ ನಕ್ಷೆಯ ಒಳ್ಳೆಯ ತಿದ್ದುಪಡಿಗಳೆಲ್ಲ ಆ ರಾತ್ರಿಯವು. ಜಾಲರಿಯ ಸರಳುಗಳನ್ನು ಚಕ್ರಕ್ಕೆ ಅಡ್ಡಲಾಗಿ ತಿರುಗಿಸಿ ಹಾಕಿದ್ದು ಕಡಿಮೆ ಖರ್ಚಿನಲ್ಲಿ ಆದ ಅತಿ ಉಪಯೋಗದ ಕೆಲಸ.

ಡೆಲಿವರಿ ಹುಡುಗರು ಓಡಿಸುವ ಬಾಡಿಗೆಯ ಸಣ್ಣ ಎಲೆಕ್ಟ್ರಿಕ್ ಗಾಡಿಗಳನ್ನು ಈ ದಾರಿಗೆ ಬಿಡಬೇಕೇ ಎಂಬ ಬಗ್ಗೆ ನಮ್ಮಲ್ಲೇ ಜಗಳ ಆಯಿತು. ಬೇಡ, ಅದು ಸೈಕಲ್ ಅಲ್ಲ ಎಂದರು ಕೆಲವರು. ನನ್ನ ಅಭಿಪ್ರಾಯ ಬೇರೆ. ಅವು ನಿಧಾನವಾಗಿ ಹೋಗುವ ಹಗುರ ಗಾಡಿಗಳು, ಓಡಿಸುವವರೂ ಲಾರಿಗೆ ಹೆದರುವವರೇ. ಖಾಲಿ ಕಾಣುವ ಸೈಕಲ್ ದಾರಿಯನ್ನು ಯಾರಾದರೂ ಬೇಗ ಕಿತ್ತುಕೊಳ್ಳುತ್ತಾರೆ. ದಿನವಿಡೀ ಜನ ಓಡಾಡುವ ದಾರಿಯನ್ನು ಕಿತ್ತುಕೊಳ್ಳಲು ಯೋಚಿಸಬೇಕಾಗುತ್ತದೆ.

ಕಿತ್ತುಕೊಂಡ ಉದಾಹರಣೆ ಬೇಕಾದಷ್ಟಿವೆ. ದೆಹಲಿಯ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗಿನ ಬಸ್ ಕಾರಿಡಾರಿನಲ್ಲಿ, ಅಂದರೆ ಬಸ್ಸಿಗೆಂದೇ ಲೇನ್ ಬಿಟ್ಟ ರಸ್ತೆಯಲ್ಲಿ, 2008ರಲ್ಲಿ ಪ್ರತ್ಯೇಕ ಸೈಕಲ್ ದಾರಿಯೂ ಬಂತು. ಕಾರಿನವರ ಸಿಟ್ಟು ಕೋರ್ಟಿಗೆ ಹೋಯಿತು. 2012ರಲ್ಲಿ ಹೈಕೋರ್ಟ್ ಕಾರಿಡಾರಿನ ಪರ ನಿಂತಿತು. ಆದರೂ 2015ರಲ್ಲಿ ಸರ್ಕಾರ ಅದನ್ನು ಒಡೆಯಲು ತೀರ್ಮಾನಿಸಿತು. ನಮ್ಮಲ್ಲಿ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬೊಲಾರ್ಡ್ (ಗಿಡ್ಡ ಕಂಬ) ನೆಟ್ಟು ಸೈಕಲ್ ಲೇನ್ ಮಾಡಿದರು. ಮೆಟ್ರೋ ಕಾಮಗಾರಿ ಬಂದಾಗ ಅದು ಉಳಿಯಲಿಲ್ಲ. ಜಯನಗರದಲ್ಲಿ ಅದಕ್ಕೂ ಎಷ್ಟೋ ಮೊದಲೇ ಗುರುತಿಸಿದ ಸೈಕಲ್ ದಾರಿಗಳ ಮೇಲೆ ಕಾರು ನಿಂತವು. ಬಣ್ಣ ಬಳಿದ ಕೂಡಲೇ ದಾರಿ ಆಗುವುದಿಲ್ಲ ಎಂದು ಜಯನಗರ ನೋಡಿದವರಿಗೆಲ್ಲ ಗೊತ್ತು.

ಅದಕ್ಕೇ ನಾವು ಕೆಲಸದ ಕ್ರಮ ಬದಲಿಸಿದೆವು. ಮೊದಲು ಪಾರ್ಕಿಂಗ್ ನಿಷೇಧದ ಆದೇಶ, ಕ್ರಾಸುಗಳಲ್ಲಿ ಬದಲಿ ಪಾರ್ಕಿಂಗ್, ತಳ್ಳುಗಾಡಿಯವರಿಗೆ ಗುರುತಿಸಿದ ಜಾಗ. ಆಮೇಲೆ ಬಣ್ಣ, ಆಮೇಲೆ ಕಾರು ನುಗ್ಗದಂತೆ ಅಂಚಿಗೆ ಕಟ್ಟೆ. ತಳ್ಳುಗಾಡಿಯವರನ್ನು ಎಬ್ಬಿಸುವ ಮಾತಿಗೆ ನಾನು ಒಪ್ಪಲಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಪರ ಇದೆ. ಮೇಲಾಗಿ ಸೈಕಲ್ಲಿನವರು ಬೆಳಿಗ್ಗೆ ತಿಂಡಿ ತಿನ್ನುವುದು ಅವರ ಹತ್ತಿರವೇ.

ಯಾರ ಹತ್ತಿರ ಕೇಳಬೇಕು ಅನ್ನುವುದೇ ಇನ್ನೊಂದು ಸಮಸ್ಯೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ ನಾವು ಈ ಕೆಲಸಕ್ಕೆ ಓಡಾಡಿದ ದಿನಗಳಲ್ಲೆಲ್ಲ ನಮಗೆ ಕಾರ್ಪೊರೇಟರ್ ಇರಲಿಲ್ಲ. ರಸ್ತೆ ಒಬ್ಬರದು, ಪಾರ್ಕಿಂಗ್ ಆದೇಶ ಇನ್ನೊಬ್ಬರದು, ಕರೆಂಟ್ ಕಂಬ ಮತ್ತೊಬ್ಬರದು, ಮ್ಯಾನ್‌ಹೋಲ್ ಮಗದೊಬ್ಬರದು. ಎಲ್ಲರನ್ನೂ ಒಂದೇ ಮೇಜಿಗೆ ತರಲೆಂದು ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಆಯಿತು. ನಮ್ಮ ಮಟ್ಟದಲ್ಲಿ ಮಾತ್ರ ಎಲ್ಲರನ್ನೂ ಸೇರಿಸಿದ್ದು ಫೋನ್ ಕರೆಗಳು ಮತ್ತು ಪತ್ರದ ನಕಲು. ಯಾವ ಇಲಾಖೆಗೆ ಬರೆದರೂ ಉಳಿದವರಿಗೆ ಪ್ರತಿ ಕಳಿಸಿ, ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಅಧಿಕಾರಿ ವರ್ಗವಾಗಿ ಹೋದಾಗ ಹೊಸಬರ ಮುಂದೆ ಇಡಲು ಆ ಕಡತ ಒಂದೇ ನಮ್ಮ ಹತ್ತಿರ ಇರುವುದು.

ಈಗ ಶಾಲೆಯ ಬದಿಯಲ್ಲಿ, ಶೆಡ್ಡುಗಳವರೆಗೆ, ಕಟ್ಟೆ ಇರುವ ಸೈಕಲ್ ದಾರಿ ಇದೆ. ಕ್ರಾಸ್ ರಸ್ತೆ ಬಂದಲ್ಲೂ ಅದರ ಮಟ್ಟ ಇಳಿಯದಂತೆ ಮಾಡಿಸಿದ್ದೇವೆ, ಹಾಗಾಗಿ ತಿರುಗುವ ಕಾರೇ ನಿಧಾನಿಸಬೇಕು. ಕಲ್ಯಾಣ ಮಂಟಪದಿಂದ ಮೆಟ್ರೋ ಸಿಗ್ನಲ್‌ವರೆಗಿನ ಭಾಗ ಇನ್ನೂ ಸಿಕ್ಕಿಲ್ಲ. ಮದುವೆಗೆ ಬರುವ ಕಾರುಗಳನ್ನು ಎಲ್ಲಿ ನಿಲ್ಲಿಸುವುದು ಎನ್ನುತ್ತಾರೆ ಮಂಟಪದವರು. ಅವರ ಮಾತಿನಲ್ಲೂ ಅರ್ಥವಿದೆ. ಹಿಂದಿನ ಖಾಲಿ ನಿವೇಶನದ ಮಾಲೀಕರ ಜೊತೆ ಮಾತಾಡುತ್ತಿದ್ದೇವೆ. ಇದರ ನಡುವೆ ನೀರಿನ ಪೈಪಿಗಾಗಿ ರಸ್ತೆ ಅಗೆಯುವ ಸುದ್ದಿ ಬಂತು. ಅಗೆದ ಮೇಲೆ ಸೈಕಲ್ ದಾರಿಯನ್ನು ಮೊದಲಿದ್ದ ಹಾಗೇ ಕಟ್ಟಿಕೊಡಬೇಕು ಎಂಬ ಸಾಲನ್ನು ಅನುಮತಿ ಪತ್ರದಲ್ಲೇ ಸೇರಿಸಲು ಕೇಳಿದ್ದೇವೆ. ಮಂಟಪದ ಮುಂದೆ ಹೊಸದಾಗಿ ಎಣಿಕೆಯನ್ನೂ ಶುರುಮಾಡಿದ್ದೇವೆ. ಈ ಸಲ ಮುಹೂರ್ತ ಇರುವ ದಿನ, ಇಲ್ಲದ ದಿನ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇವೆ.